ನೀರು ತರುವ ಕಾಲುವೆ, ನೀರು ಕಳಿಸುವ ಕೊಳವೆ

ನಮ್ಮ ಕಡೆ ನೀರಿನ ಚರಿತ್ರೆ ಬರೆಯಲು ಕುಂತವರು ಬರದಿಂದಲೇ ಶುರು ಮಾಡುತ್ತಾರೆ. ಅದು ತಪ್ಪಲ್ಲ. ಪಾಲಮೂರು ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆಗೆ ದುಡಿಯಲು ಹೋದ ಮಂದಿ. ನಾರಾಯಣಪೇಟೆಯ ಸೀರೆ ಎಷ್ಟು ಹೆಸರು ಮಾಡಿತೋ, ನಮ್ಮ ವಲಸೆಯೂ ಅಷ್ಟೇ ಹೆಸರು ಮಾಡಿತು. ಆದರೆ ಈ ಲೇಖನ ನೀರಿಲ್ಲದ ಕಥೆಯಲ್ಲ. ನೀರು ಬಂದ ಮೇಲೆ ಹೊಲದ ಅಡಿಯಲ್ಲಿ ಏನಾಗುತ್ತದೆ, ಆ ನೀರನ್ನು ಹೊರಗೆ ಕಳಿಸಲು ಮನುಷ್ಯ ಯಾವ ಯಾವ ಉಪಾಯ ಮಾಡಿದ, ಆ ಉಪಾಯದಲ್ಲಿ ಜೀವಕ್ಕೆ ಅಪಾಯ ಎಲ್ಲಿದೆ ಎಂಬ ಕಥೆ. ಗದ್ವಾಲದವರಿಗೆ ಇದು ಸ್ವಲ್ಪ ಗೊತ್ತು. ಮಕ್ತಲದವರಿಗೆ ಈಗೀಗ ಗೊತ್ತಾಗುತ್ತಿದೆ. ನಾರಾಯಣಪೇಟೆಯವರಿಗೆ ಮುಂದೆ ಗೊತ್ತಾಗಲಿಕ್ಕಿದೆ.

ಮೊದಲು ನಮ್ಮ ಭೂಗೋಳ ನೋಡೋಣ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಗದ್ವಾಲ, ಅಲಂಪುರದ ನೆಲಕ್ಕೆ ತೆಲುಗಿನವರು ನಡಿಗಡ್ಡ ಅನ್ನುತ್ತಾರೆ. 1956ಕ್ಕೆ ಮುಂಚೆ ಈ ಎರಡು ತಾಲೂಕು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೇ ಸೇರಿದ್ದವು. ಭಾಷಾವಾರು ಪ್ರಾಂತ ಆದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಗದ್ವಾಲ, ಅಲಂಪುರ ಮಹಬೂಬನಗರಕ್ಕೆ ಬಂದವು. ನಕ್ಷೆಯ ಮೇಲೆ ಗೆರೆ ಎಳೆದರು ಸರಿ, ಆದರೆ ಒಂದು ಕಾಲುವೆ ಆ ಗೆರೆಯನ್ನು ದಾಟಿ ಹರಿಯುತ್ತಲೇ ಉಳಿಯಿತು. ಅದೇ ರಾಜೋಳಿಬಂಡಾ ಕಾಲುವೆ, ನಮ್ಮ ಮಂದಿಯ ಬಾಯಲ್ಲಿ ಆರ್‌ಡಿಎಸ್.

ನಿಜಾಮರ ಕಾಲದ ಕೊನೆಗೆ ಶುರುವಾದ ಈ ಕೆಲಸ 1950ರ ದಶಕದಲ್ಲಿ ಮುಗಿಯಿತು. ಒಡ್ಡು ಇರುವುದು ಕರ್ನಾಟಕದಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಕಾಲುವೆಯ ಒಟ್ಟು ಉದ್ದ 143 ಕಿಲೋಮೀಟರ್. ಅದರಲ್ಲಿ ಮೊದಲಿನ 42 ಕಿಲೋಮೀಟರಿನಷ್ಟು ಕರ್ನಾಟಕದಲ್ಲಿದೆ, ಉಳಿದದ್ದು ಈ ಕಡೆ. ನೀರಿನ ಪಾಲು 17.1 ಟಿಎಂಸಿ, ಅದರಲ್ಲಿ 15.9 ನಮ್ಮದು, 1.2 ಅವರದು. ಕಾಗದದ ಮೇಲೆ ಈ ಕಡೆ 87,500 ಎಕರೆಗೆ ನೀರು. ಕಾಲುವೆಯ ಬಾಲದ ಊರುಗಳಿಗೆ ಅದು ಎಷ್ಟು ಮುಟ್ಟಿತು ಎಂಬುದು ಅಲಂಪುರದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಆಮೇಲೆ ತುಮ್ಮಿಳ್ಳದಲ್ಲಿ ಎತ್ತುನೀರಾವರಿ ಮಾಡಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ. ಈ ಜಗಳದ ಬಗ್ಗೆ ಬಹಳ ಮಂದಿ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನನ್ನ ಮಾತು ಏನೆಂದರೆ, ಬಾಲದಲ್ಲಿ ಗಂಟಲು ಒಣಗುವ ಕಾಲುವೆಗೇ ತಲೆಯಲ್ಲಿ ಹೊಲ ಕೊಳೆಯುತ್ತದೆ. ಎರಡೂ ಒಂದೇ ರೋಗದ ಎರಡು ಮುಖ.

ತುಂಗಭದ್ರಾ ದೊಡ್ಡ ಆಣೆಕಟ್ಟಿನಲ್ಲಿ ಆದದ್ದು ಇದೇ. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು. ಯೋಜನೆ ಮಾಡಿದವರು ಹಾಕಿಕೊಂಡ ಲೆಕ್ಕದಲ್ಲಿ ಹೆಚ್ಚಿನ ಭಾಗ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆ. ರೈತ ಮಾಡಿದ್ದು ಭತ್ತ. ರೈತನನ್ನು ಬೈಯುವುದು ಸುಲಭ, ಆದರೆ ನೂರಾರು ವರ್ಷ ಮಳೆಗಾಗಿ ಮುಗಿಲು ನೋಡಿದವನ ಹೊಲದ ಬದಿಗೆ ನೀರು ಬಂದು ನಿಂತರೆ ಅವನು ಜೋಳ ಬಿತ್ತುತ್ತಾನೇನ್ರಿ? ಎರೆನೆಲದಲ್ಲಿ ನೀರು ಕೆಳಗೆ ಇಳಿಯುವುದು ನಿಧಾನ. ವರ್ಷಕ್ಕೆ ಎರಡು ಭತ್ತ ಕಟ್ಟಿದ ಮೇಲೆ ಅಡಿನೀರು ಮೇಲೆ ಮೇಲೆ ಏರಿತು. ಆ ನೀರಿನ ಮಟ್ಟ ಮೂರು ನಾಲ್ಕು ಅಡಿಗೆ ಬಂತೆಂದರೆ, ದೀಪದ ಬತ್ತಿ ಎಣ್ಣೆ ಏರಿಸಿದ ಹಾಗೆ ಮಣ್ಣು ನೀರನ್ನು ಮೇಲೆಳೆಯುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಅದರೊಳಗಿನ ಉಪ್ಪು ಮೇಲೆಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುವುದು ಅದೇ. ನಾವು ಸವುಳು ಅಂತೀವಿ, ನಮ್ಮ ತೆಲುಗು ನೆರೆಯವರು ಚೌಡು ಅಂತಾರೆ. ನೀರು ನಿಂತು ಕೊಳೆತದ್ದು ಜವುಳು. ಹಳೆಯ ಕಾಲದಲ್ಲಿ ಅಗಸರು ಬಟ್ಟೆ ಒಗೆಯಲು ಸವುಳು ಮಣ್ಣು ಹುಡುಕಿಕೊಂಡು ಹೋಗುತ್ತಿದ್ದರು, ಅಂದರೆ ಅದು ಊರಿಗೆ ಎಲ್ಲೋ ಒಂದು ಕಡೆ ಸಿಗುವ ವಸ್ತು. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಈಗ ಅಂಥ ಭೂಮಿ ತೊಂಬತ್ತು ಸಾವಿರ ಹೆಕ್ಟೇರಿನ ಆಸುಪಾಸು ಎಂದು ಲೆಕ್ಕ.

ನಮ್ಮ ಹಿರಿಯರಿಗೆ ನೀರು ಹೊರಗೆ ಕಳಿಸುವ ವಿದ್ಯೆ ಗೊತ್ತಿರಲಿಲ್ಲ ಎಂದೇನಿಲ್ಲ. ಕೆರೆಗೆ ತೂಬು ಇಟ್ಟವರು ಕೋಡಿಯನ್ನೂ ಇಟ್ಟರು. ಹೊಲಕ್ಕೆ ಒಡ್ಡು ಹಾಕಿದವರು ಕಲ್ಲು ಜೋಡಿಸಿ ಹೆಚ್ಚಿನ ನೀರಿಗೆ ದಾರಿ ಬಿಟ್ಟರು. ಮಣ್ಣಿನ ಕೊಳವೆಯೂ ಹೊಸದಲ್ಲ. ವಿಜಯಪುರದಲ್ಲಿ 1651ರ ಬೇಗಂ ತಲಾಬಿನಿಂದ ಪಟ್ಟಣಕ್ಕೆ ನೀರು ಹೋಗುತ್ತಿದ್ದದ್ದು ಸುಟ್ಟ ಮಣ್ಣಿನ ಕೊಳವೆಯಲ್ಲೇ. ಆದರೆ ಆ ಕೊಳವೆ ನೀರು ತರಲಿಕ್ಕೆ. ಹೊಲದ ಅಡಿಯಿಂದ ನೀರು ಒಯ್ಯಲಿಕ್ಕೆ ಕೊಳವೆ ಹೂಳುವ ಪ್ರಸಂಗ ನಮಗೆ ಬರಲಿಲ್ಲ, ಯಾಕೆಂದರೆ ಹೊಲದಲ್ಲಿ ಅಷ್ಟು ನೀರೇ ಇರಲಿಲ್ಲ.

ಆ ಪ್ರಸಂಗ ಬಂದದ್ದು ಮಳೆ ಬಿಡದ ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಹೊಲದೊಳಗೆ ಕಂದಕ ತೋಡಿ, ಕುಂಬಾರ ಮಾಡಿದ ಹೆಂಚನ್ನು ಬೋರಲು ಹಾಕಿ ಮುಚ್ಚುತ್ತಿದ್ದರು. ನಮ್ಮ ನಾಡಹೆಂಚಿನ ಹಾಗೆಯೇ ಅರ್ಧ ಕೊಳವೆಯ ಆಕಾರ. ಆ ಕಾರಣಕ್ಕೆ ಇವತ್ತು ಪ್ಲಾಸ್ಟಿಕ್ ಕೊಳವೆ ಹಾಕಿದರೂ ಆ ದೇಶಗಳಲ್ಲಿ ಅದನ್ನು ಟೈಲ್ ಎಂದೇ ಕರೆಯುತ್ತಾರೆ. ಟೈಲ್ಸ್ ಅಂದರೆ ಬಚ್ಚಲಮನೆಗೆ ಹಾಕುವುದು ಎಂದು ತಿಳಿದ ನಮಗೆ ಇದು ಗೊಂದಲ, ಅದಕ್ಕೆ ಹೇಳಿದೆ. ಆಗ ಇಂಗ್ಲೆಂಡಿನಲ್ಲಿ ಹೆಂಚಿಗೆ ತೆರಿಗೆ ಇತ್ತು. 1826ರಲ್ಲಿ ಸರ್ಕಾರ, ಹೊಲಕ್ಕೆ ಹೂಳುವ ಹೆಂಚಿನ ಮೇಲೆ ‘ಡ್ರೈನ್’ ಎಂದು ಮುದ್ರೆ ಒತ್ತಿದ್ದರೆ ತೆರಿಗೆ ಬೇಡ ಎಂದಿತು. 1846ರಲ್ಲಿ ಇದೇ ಕೆಲಸಕ್ಕೆ ಇಪ್ಪತ್ತು ಲಕ್ಷ ಪೌಂಡ್ ಸಾಲದ ಕಾಯಿದೆಯೂ ಬಂತು. ಬಸಿಗಾಲುವೆ ಒಬ್ಬ ರೈತನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಅವರಿಗೆ ಆಗಲೇ ತಿಳಿದಿತ್ತು.

ಅಮೆರಿಕದಲ್ಲಿ ಇದನ್ನು ಶುರು ಮಾಡಿದವನು ಸ್ಕಾಟ್ಲೆಂಡಿನಿಂದ ಹೋಗಿ ನೆಲೆಸಿದ ಜಾನ್ ಜಾನ್‌ಸ್ಟನ್ ಎಂಬ ರೈತ. ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಹತ್ತಿರ ಅವನ ಹೊಲ. 1835ರಲ್ಲಿ ಸ್ಕಾಟ್ಲೆಂಡಿನಿಂದ ಹೆಂಚಿನ ಮಾದರಿ ತರಿಸಿ, ಅಲ್ಲಿಯ ಕುಂಬಾರರಿಂದ ಕೈಯಲ್ಲಿ ಮಾಡಿಸಿ, 1838ರಲ್ಲಿ ಹೂಳಿದ. ಒಳ್ಳೆ ಹೊಲದಲ್ಲಿ ಮಡಿಕೆ ಕುಡಿಕೆ ಹೂಳುತ್ತಾನೆ ಎಂದು ನೆರೆಯವರು ನಕ್ಕರು. ಅವನ ಗೋದಿಯ ರಾಶಿ ನೋಡಿದ ಮೇಲೆ ನಗು ನಿಂತಿತು. ಸಾಯುವ ಹೊತ್ತಿಗೆ ಅವನು 320 ಎಕರೆಯಲ್ಲಿ 72 ಮೈಲು ಕೊಳವೆ ಹೂಳಿದ್ದ ಎನ್ನುತ್ತಾರೆ. ಅವನ ಮನೆಯ ಹತ್ತಿರ ಈಗ ಬರೀ ಈ ಹೆಂಚುಗಳದೇ ಒಂದು ವಸ್ತುಸಂಗ್ರಹಾಲಯ ಇದೆ.

ಆದರೆ ಅದೆಲ್ಲ ಸಲಿಕೆ, ಗುದ್ದಲಿಯ ಕೆಲಸ. ಕಂದಕ ತೋಡದೆ, ನೇಗಿಲಿನಿಂದಲೇ ಕೊಳವೆ ಹೂಳುವುದು ಜಾನ್ ಫೌಲರ್‌ನ ವಿಚಾರ. ಇವನು 1826ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವ. ಆಲೂಗಡ್ಡೆ ಕೊಳೆತು ಲಕ್ಷಾಂತರ ಜನ ಸತ್ತ ಐರ್ಲೆಂಡಿಗೆ 1849ರಲ್ಲಿ ಹೋಗಿ ಬಂದ ಮೇಲೆ, ಜವುಳು ನೆಲ ಬಸಿದು ಕೊಟ್ಟರೆ ಹೊಟ್ಟೆಗೆ ಅನ್ನ ಸಿಗುತ್ತದೆ ಎಂಬುದು ಅವನ ತಲೆಗೆ ಹತ್ತಿತು. ಅವನು ಮಾಡಿದ ನೇಗಿಲಿಗೆ ಕತ್ತಿಯಂಥ ಉದ್ದ ಕಾಲು, ಕಾಲಿನ ತುದಿಗೆ ಗುಂಡಿನ ಆಕಾರದ ಕಬ್ಬಿಣ. ಗುಂಡು ಭೂಮಿಯೊಳಗೆ ಬಿಲ ಕೊರೆಯುತ್ತ ಹೋಗುತ್ತದೆ. ಅದರ ಹಿಂದೆ ಹಗ್ಗಕ್ಕೆ ಪೋಣಿಸಿದ ಕೊಳವೆಗಳು ಮಣಿಸರದ ಹಾಗೆ ಒಳಗೆ ಸರಿಯುತ್ತವೆ. ಅಲ್ಲಿಯವರು ಇದನ್ನು ‘ಮೋಲ್’ ಅನ್ನುವುದು ಆ ಹೆಸರಿನ ಒಂದು ಬಿಲದ ಪ್ರಾಣಿಯಿಂದ. ಆ ಪ್ರಾಣಿ ನಮ್ಮಲ್ಲಿಲ್ಲ, ನಾವು ಹೆಗ್ಗಣ ನೇಗಿಲು ಅನ್ನೋಣ. ಮೊದಲು ಕುದುರೆ ಕಟ್ಟಿ, ರಾಟೆಗೆ ತಂತಿ ಹಗ್ಗ ಸುತ್ತಿ ಎಳೆಸಿದ. ಆಮೇಲೆ ಉಗಿಯಂತ್ರ ಹಚ್ಚಿದ. 1858ರಲ್ಲಿ ಅವನ ಉಗಿ ನೇಗಿಲಿಗೆ ಅಲ್ಲಿನ ರಾಯಲ್ ಕೃಷಿ ಸಂಘದ 500 ಪೌಂಡ್ ಬಹುಮಾನ ಬಂತು. ಇಷ್ಟು ಕಬ್ಬಿಣ, ಉಗಿ, ತಂತಿ ಹಗ್ಗದ ನಡುವೆ ಓಡಾಡಿದವನು ಸತ್ತದ್ದು 1864ರಲ್ಲಿ, ಕುದುರೆ ಮೇಲಿಂದ ಬಿದ್ದು ಕೈ ಮುರಿದು ಧನುರ್ವಾಯು ಆಗಿ. ಧನುರ್ವಾಯುವಿನ ಸೂಜಿ ಆಗ ಇರಲಿಲ್ಲ. ಈಗ ಇದೆ, ಹೊಲದಲ್ಲಿ ಕಬ್ಬಿಣ ತಗಲಿ ಗಾಯ ಆದವರು ಅರಿಶಿಣ ಮೆತ್ತಿ ಸುಮ್ಮನಾಗದೆ ಆ ಸೂಜಿ ಹಾಕಿಸಿಕೊಳ್ಳಬೇಕು.

ಮುಂದಿನ ನೂರು ವರ್ಷವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 1960ರ ದಶಕದಲ್ಲಿ ಸುಕ್ಕುಸುಕ್ಕಾದ, ತೂತು ಇರುವ ಪ್ಲಾಸ್ಟಿಕ್ ಕೊಳವೆ ಸುರುಳಿ ಬಂತು. ಆ ದಶಕದ ಕೊನೆಗೆ ಇಳಿಜಾರು ಹಿಡಿಯಲು ಲೇಸರ್ ಬೆಳಕು ಬಂತು. ಇವೆರಡೂ ಕೂಡಿದ ಮೇಲೆ ದೊಡ್ಡ ಟ್ರ್ಯಾಕ್ಟರಿನ ಹಿಂದೆ ನೇಗಿಲು ಕಟ್ಟಿ, ಒಂದೇ ಎಳೆತಕ್ಕೆ ನೆಲ ಸೀಳಿ, ಕೊಳವೆ ಇಳಿಸಿ, ಮಣ್ಣು ಮುಚ್ಚಿಕೊಂಡು ಹೋಗುವುದು ಸಾಧ್ಯವಾಯಿತು.

ನಮ್ಮ ದೇಶದಲ್ಲಿ ಸವುಳಿನ ಪಾಠ ಕಲಿತ ಜಾಗಗಳಲ್ಲಿ ಮುಂಬಯಿ ಪ್ರಾಂತದ ನೀರಾ ಕಾಲುವೆಯೂ ಒಂದು, ಬಾರಾಮತಿ ಕಡೆ. ಸ್ವಾತಂತ್ರ್ಯ ಬಂದ ಮೇಲೆ 1969ರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಸವುಳು ಭೂಮಿಗೆಂದೇ ಕೇಂದ್ರ ಸಂಶೋಧನಾ ಸಂಸ್ಥೆ ಆಯಿತು. ನಮಗೆ ಬೇಕಾದ ಸುದ್ದಿ ಆಮೇಲಿನದು. ದೇಶದ ಎಷ್ಟೋ ಭಾಗವನ್ನು ನೀರಿನಿಂದ ಬಸಿದು ಕೂತ ಹಾಲೆಂಡಿನವರ ಜೊತೆ ಸೇರಿ 1995ರಿಂದ 2002ರವರೆಗೆ ಒಂದು ಯೋಜನೆ ನಡೆಯಿತು. ಕರ್ನಾಲ್ ಸಂಸ್ಥೆಯೂ ನಾಲ್ಕು ಕೃಷಿ ವಿಶ್ವವಿದ್ಯಾಲಯಗಳೂ ಅದರಲ್ಲಿದ್ದವು. ಆಂಧ್ರದಲ್ಲಿ ಕೊನಂಕಿ, ಉಪ್ಪುಗುಂಡೂರು. ಕರ್ನಾಟಕದಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ಗುಂಡೂರು, ಕೃಷ್ಣಾ ಮೇಲ್ದಂಡೆಯ ಇಸ್ಲಾಂಪುರ. ರೈತರ ಹೊಲದಲ್ಲೇ ಅಡಿನೆಲದ ಕೊಳವೆ ಹಾಕಿ ನೋಡಿದರು. ನಮ್ಮಿಂದ ಅಷ್ಟು ದೂರವೇನಲ್ಲ, ಅದೇ ಎರೆ, ಅದೇ ಭತ್ತ. ಆ ಕೆಲಸ ನಡೆಸಿದ ಗಂಗಾವತಿಯ ಸಂಶೋಧನಾ ಕೇಂದ್ರ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೈಯಲ್ಲಿದೆ. ಕೃಷ್ಣೆ ದಾಟಿದರೆ ರಾಯಚೂರು. ಅಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ, ನಮ್ಮ ಮಂದಿ ಹೋಗಿ ಕೇಳುವುದಿಲ್ಲ ಅಷ್ಟೆ.

ಈಗ ನಮ್ಮ ನೆಲದ ಮಾತು. ಕೊಳವೆ ಮೂರರಿಂದ ನಾಲ್ಕು ಅಡಿ ಆಳಕ್ಕೆ ಹೋಗಬೇಕು. ನೂರು ಮೀಟರಿಗೆ ಹತ್ತು ಇಪ್ಪತ್ತು ಸೆಂಟಿಮೀಟರ್ ಇಳಿಜಾರು ಸಾಕು, ಆದರೆ ಅದು ನಡುವೆ ಎಲ್ಲೂ ತಗ್ಗಿ ಏಳಬಾರದು. ತಗ್ಗಿದಲ್ಲಿ ಹೂಳು ನಿಂತು ಕೊಳವೆ ಕಟ್ಟಿಕೊಳ್ಳುತ್ತದೆ. ತೂತಿನೊಳಗೆ ಮಣ್ಣು ಹೋಗದಂತೆ ಸುತ್ತ ಜಾಳಿಗೆ ಬಟ್ಟೆ ಇಲ್ಲವೇ ಗರಸು ಬೇಕು. ಎರೆನೆಲವನ್ನು ಮೂರೂವರೆ ಅಡಿ ಆಳದಲ್ಲಿ ಸೀಳಲು ನಮ್ಮ ಊರಿನ ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಆಗದ ಮಾತು. ಹೊರದೇಶದಲ್ಲಿ ಅದಕ್ಕೆ ಇನ್ನೂರು ಅಶ್ವಶಕ್ತಿಗೂ ಮೇಲಿನ ಗಾಡಿ ಕಟ್ಟುತ್ತಾರೆ. ಐವತ್ತರ ಗಾಡಿಗೆ ಆಗುವುದು ಹೆಗ್ಗಣ ನೇಗಿಲು: ಕೊಳವೆ ಇಲ್ಲದೆ ಒಂದೂವರೆ, ಎರಡು ಅಡಿ ಆಳದಲ್ಲಿ ಬರೀ ಬಿಲ ಕೊರೆಯುವುದು. ಭೋಪಾಲದ ಕೇಂದ್ರ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಮಧ್ಯಪ್ರದೇಶದ ಸೋಯಾ ಹೊಲಗಳಿಗಾಗಿ ಇಂಥದನ್ನು ಮಾಡಿದೆ. ಜಿಗುಟು ಮಣ್ಣಿದ್ದರೆ ಬಿಲ ಕೆಲವು ವರ್ಷ ತಾಳುತ್ತದೆ. ಮಸಾರಿಯಲ್ಲಿ, ಮರಳು ನೆಲದಲ್ಲಿ ಮೊದಲ ಮಳೆಗೇ ಕುಸಿಯುತ್ತದೆ. ಮಣ್ಣು ತಕ್ಕದ್ದೋ ಅಲ್ಲವೋ ನೋಡಲು ಆ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಶಾವಿಗೆಯ ಹಾಗೆ ಹೊಸೆಯಬೇಕು. ಎಳೆ ಬಂದರೆ ಸರಿ. ಪುಡಿಯಾದರೆ ಒಣಗಿದೆ, ಅಂಟಿಕೊಂಡರೆ ಹಸಿ ಹೆಚ್ಚು. ಮೇಲ್ಮಣ್ಣು ಮಾತ್ರ ಒಣಗಿರಬೇಕು, ಇಲ್ಲದಿದ್ದರೆ ಗಾಲಿಗೆ ಹಿಡಿತ ಸಿಗದು.

ಹಿಡಿತ ಅಂದೆ. ಟ್ರ್ಯಾಕ್ಟರು ಜೀವ ತೆಗೆಯುವುದು ಇಲ್ಲೇ. ಕೂರಿಗೆ, ಕುಂಟೆ ಎಳೆಯುವಾಗ ಗಾಡಿಗೆ ಭಾರ ಗೊತ್ತಾಗುವುದಿಲ್ಲ. ಆಳದ ನೇಗಿಲು ಹಾಗಲ್ಲ. ಅಡಿಯಲ್ಲಿ ಬಂಡೆಗೋ ಬೇರಿಗೋ ಸಿಕ್ಕಿತೆಂದರೆ ಹಿಂದಿನ ಗಾಲಿ ತಿರುಗಲಾರದು, ಇಂಜಿನ್ ನಿಲ್ಲಲಾರದು. ಆಗ ತಿರುಗುವುದು ಗಾಡಿಯೇ. ಮುಂದಿನ ಗಾಲಿ ಮೇಲೇಳುತ್ತವೆ, ಗಾಡಿ ಹಿಂದಕ್ಕೆ ಮಗುಚಿ ಸೀಟಿನ ಮೇಲೆ ಬೀಳುತ್ತದೆ. ಇದಕ್ಕೆ ಹಿಡಿಯುವ ಸಮಯ ಸುಮಾರು ಒಂದೂವರೆ ಸೆಕೆಂಡು. ಕ್ಲಚ್ ಒತ್ತಬೇಕು ಎಂದು ತಲೆಗೆ ಹೊಳೆಯುವಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ ಕಾಯಬೇಕಾದದ್ದು ಮೊದಲೇ. ಎಳೆಯುವ ಸರಪಳಿ, ಕೊಂಡಿ ಯಾವತ್ತೂ ಕೆಳಗಿನ ಡ್ರಾಬಾರಿಗೇ ಇರಬೇಕು. ಅಚ್ಚಿಗೆ, ಸೀಟಿನ ಹಿಂದಿನ ಮೇಲಿನ ಕೊಂಡಿಗೆ ಹಾಕಿ ಎಳೆದರೆ ಬೇಡವೆಂದರೂ ಮಗುಚುತ್ತದೆ. ಜವುಳಿನಲ್ಲಿ ಹುಗಿದ ಟ್ರಾಲಿ ಎಳೆಯಲು ಹೋಗಿ ಸತ್ತವರ ಕಥೆ ನಮ್ಮ ಎಲ್ಲ ಮಂಡಲದಲ್ಲೂ ಇದೆ, ಅದರಲ್ಲಿ ಬಹುಪಾಲು ಹೀಗೇ ಆದವು. ನೇಗಿಲು ಸಿಕ್ಕಿಕೊಂಡರೆ ಜೋರು ಮಾಡಬಾರದು. ನಿಲ್ಲಿಸಿ, ನೇಗಿಲು ಮೇಲೆತ್ತಿ, ಸ್ವಲ್ಪ ಹಿಂದೆ ಬಂದು, ಏನು ಸಿಕ್ಕಿದೆ ಎಂದು ತೋಡಿ ನೋಡಬೇಕು.

ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆಲ್ಲ ಚಾಲಕನನ್ನು ಕಾಯುವ ಗಟ್ಟಿ ಉಕ್ಕಿನ ಕಮಾನು ಕಡ್ಡಾಯ ಮಾಡಿತು. ಮುಂದೆ ಅಲ್ಲಿ ಮಗುಚಿ ಸಾಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮ ಗಾಡಿಗಳ ಮೇಲೆ ಕಾಣುವುದು ನೆರಳಿನ ತಗಡು. ಹಾಡಿನ ಪೆಟ್ಟಿಗೆ, ಹೂವಿನ ಹಾರ, ಕುಚ್ಚು ಎಲ್ಲ ಅದಕ್ಕೇ ಕಟ್ಟುತ್ತೇವೆ. ಗಾಡಿ ಮಗುಚಿದರೆ ಅದು ಹಪ್ಪಳ. ನಿಜವಾದ ಕಮಾನು ಇದ್ದ ಗಾಡಿಯಲ್ಲೂ ಬೆಲ್ಟ್ ಕಟ್ಟದಿದ್ದರೆ ಪೂರ್ತಿ ರಕ್ಷಣೆ ಇಲ್ಲ. ಹೊರಗೆ ಚಿಮ್ಮಿದವನ ಮೇಲೆ ಆ ಕಮಾನೇ ಬೀಳುತ್ತದೆ.

ಒಂದು ಗಾಡಿಗೆ ಆಗದಿದ್ದರೆ ಎರಡು ಗಾಡಿ ಒಂದರ ಹಿಂದೆ ಒಂದು ಕಟ್ಟುವುದುಂಟು. ಫೌಲರ್‌ನ ಕಾಲದ ತಂತಿ ಹಗ್ಗದ ಭಯ ಇಲ್ಲಿ ಮತ್ತೆ ಬರುತ್ತದೆ. ಬಿಗಿದ ಹಗ್ಗ ಹರಿದರೆ ಚಾಟಿಯಂತೆ ಬಂದು ಕಾಲು ತುಂಡು ಮಾಡುತ್ತದೆ. ಹಗ್ಗ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ದೂರದಲ್ಲಿ ಯಾರೂ ಇರಬಾರದು. ನೋಡಲು ಬಂದ ಹುಡುಗರನ್ನು ಮೊದಲು ಬದುವಿನ ಆಚೆ ಅಟ್ಟಬೇಕು. ಭಾರಕ್ಕೆಂದು ನೇಗಿಲಿನ ಮೇಲೆ ಆಳನ್ನು ಕೂಡಿಸುವ ಚಾಳಿ ಇದೆಯಲ್ಲ, ಹಲಗೆ ಹೊಡೆಯುವಾಗ ನಡೆದುಹೋಯಿತು ಎಂದು ಇಲ್ಲಿ ಮಾಡಿದರೆ ಆ ಆಳಿನ ಹೆಂಡತಿ ಮಕ್ಕಳಿಗೆ ಉತ್ತರ ಹೇಳಬೇಕಾಗುತ್ತದೆ. ಕೊಳವೆ ಸುರುಳಿಯ ತುದಿ ಹಿಡಿಯುವವನು ನೇಗಿಲಿಗೂ ಗಾಡಿಗೂ ನಡುವೆ ನಿಲ್ಲಬಾರದು. ಅವನ ಬೆರಳು, ಟವಲು ಸುರುಳಿಯೊಳಗೆ ಸಿಗದಂತೆ ಇರಬೇಕು. ಇಂಜಿನಿನಿಂದ ತಿರುಗುವ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಅದರ ಮೇಲಿನ ಪ್ಲಾಸ್ಟಿಕ್ ಕವಚ ಮುರಿದಿದ್ದರೆ ಆ ದಿನ ಕೆಲಸ ಬೇಡ. ಲುಂಗಿ, ಧೋತರ, ಸೀರೆಯ ಸೆರಗು ಯಾವುದೂ ಅದಕ್ಕೆ ಬೇರೆಯಲ್ಲ. ಕೆಳಗೆ ಇಳಿಯುವ ಮುಂಚೆ ನೇಗಿಲು ನೆಲಕ್ಕೆ ಇಳಿಸಿ, ಇಂಜಿನ್ ಬಂದ್ ಮಾಡಿ, ಕೀಲಿಕೈ ಕಿಸೆಗೆ ಹಾಕಬೇಕು. ಎತ್ತಿದ ನೇಗಿಲಿನ ಅಡಿಗೆ ಕೈ ಹಾಕಬಾರದು. ಹೈಡ್ರಾಲಿಕ್ ಎಣ್ಣೆಯ ಒಂದು ಪೈಪು ಬಿಚ್ಚಿದರೆ ಅಷ್ಟೂ ಕಬ್ಬಿಣ ಕೆಳಗೆ ಬರುತ್ತದೆ.

ಇನ್ನು ಕಣ್ಣಿಗೆ ಕಾಣದ ಅಪಾಯ. ತೆಲಂಗಾಣದ ಊರೂರಿಗೆ ಈಗ ಭಗೀರಥದ ಕುಡಿಯುವ ನೀರಿನ ಕೊಳವೆ ನೆಲದಡಿ ಹೋಗಿದೆ, ಫೋನಿನ ತಂತಿ ಹೋಗಿದೆ. ಬೋರಿನ ಮೋಟಾರಿಗೆ ರೈತರೇ ಹೂಳಿದ ಕೇಬಲ್ಲಿಗೆ ಲೆಕ್ಕವೇ ಇಲ್ಲ. ನೇಗಿಲು ಇಳಿಸುವ ಮುಂಚೆ ಹೊಲದ ಮಾಲೀಕ, ಪಕ್ಕದ ಹೊಲದವ, ಕರೆಂಟಿನ ಲೈನ್‌ಮನ್, ನೀರಿನ ಕೆಲಸದವರು ಇವರನ್ನೆಲ್ಲ ಕೇಳಿ ಗೂಟ ಹೊಡೆದು ಗುರುತು ಮಾಡಬೇಕು. ತಲೆಯ ಮೇಲಿನ ಜೋತುಬಿದ್ದ ತಂತಿಯನ್ನೂ ನೋಡಬೇಕು, ಎತ್ತಿದ ನೇಗಿಲು ನಾವು ತಿಳಿದದ್ದಕ್ಕಿಂತ ಎತ್ತರ ಇರುತ್ತದೆ.

ನೇಗಿಲು ಸಿಗದೆ ಜೇಸಿಬಿ, ಇಟಾಚಿ ತರಿಸಿ ಕಂದಕ ತೋಡಿದರೆ ಅಪಾಯ ಬೇರೆ. ಒಂದು ಕ್ಯೂಬಿಕ್ ಮೀಟರ್ ಹಸಿ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ನಾಲ್ಕಡಿ ಕಂದಕದಲ್ಲಿ ನಿಂತವನ ತಲೆ ಹೊರಗೆ ಕಾಣುತ್ತದೆ, ಅದಕ್ಕೇ ನಮಗೆ ಭಯವಾಗುವುದಿಲ್ಲ. ಆದರೆ ಕೊಳವೆ ಜೋಡಿಸುವವನು ನಿಂತಿರುವುದಿಲ್ಲ, ಬಗ್ಗಿ ಮೊಣಕಾಲೂರಿರುತ್ತಾನೆ. ತೋಡಿದ ಮಣ್ಣನ್ನು ಅಂಚಿಗೇ ಒಟ್ಟದೆ ಎರಡು ಅಡಿಯಾದರೂ ದೂರ ಹಾಕಬೇಕು. ಕಂದಕದ ಗೋಡೆಯನ್ನು ನೆಟ್ಟಗೆ ಬಿಡದೆ ಓರೆ ಮಾಡಬೇಕು. ಅಂಚಿನಲ್ಲಿ ಬಿರುಕು ಕಂಡರೆ ಕೂಡಲೇ ಮೇಲೆ ಬರಬೇಕು, ಒಬ್ಬನೇ ಎಂದೂ ಇಳಿಯಬಾರದು.

ಇಷ್ಟೆಲ್ಲ ಈಗ ಯಾಕೆ ಎಂದು ಕೇಳಬಹುದು. 1996ರಲ್ಲಿ ಜುರಾಲಾ ತೆರೆಯಿತು, ಸುಮಾರು ಒಂದು ಲಕ್ಷ ಎಕರೆಗೆ ನೀರು. ಭೀಮಾ ಎತ್ತುನೀರಾವರಿ ಬಂದು ಮಕ್ತಲದ ಸಂಗಂಬಂಡ, ಭೂತ್ಪುರ ಜಲಾಶಯ ತುಂಬಿದವು. 2024ರಲ್ಲಿ ನಾರಾಯಣಪೇಟೆ–ಕೊಡಂಗಲ್ ಎತ್ತುನೀರಾವರಿಗೆ ಅಡಿಗಲ್ಲು ಬಿತ್ತು, ಅದೂ ಒಂದು ಲಕ್ಷ ಎಕರೆಯ ಮಾತು. ಪ್ರತಿ ಸಲ ಕಾಲುವೆಯ ನಕ್ಷೆ ಊರಿಗೆ ಬರುತ್ತದೆ, ಬಸಿಗಾಲುವೆಯ ನಕ್ಷೆ ಬರುವುದಿಲ್ಲ. ತುಂಗಭದ್ರೆಯ ಹಳ್ಳಿಗಳಲ್ಲಿ ಸವುಳು ಕಾಣಲು ಕೆಲವೇ ವರ್ಷ ಹಿಡಿಯಿತು. ನಮ್ಮ ಹಳ್ಳಗಳು ಈಗ ಜಾಲಿ ಬೆಳೆದು ಮುಚ್ಚಿವೆ, ಅರ್ಧ ಒತ್ತುವರಿ ಆಗಿವೆ. ಹಳ್ಳ ತೆರೆಯದೆ ಹೊಲದಡಿ ಎಷ್ಟು ಕೊಳವೆ ಹೂಳಿದರೂ ನೀರು ಹೋಗುವುದೆಲ್ಲಿಗೆ? ನನ್ನ ಅಭಿಪ್ರಾಯದಲ್ಲಿ ನಮ್ಮ ಮಂದಿ ಮೊದಲ ದುಡ್ಡು ಹಾಕಬೇಕಾದದ್ದು ಯಂತ್ರಕ್ಕಲ್ಲ, ಹಳ್ಳಕ್ಕೆ.

ಇನ್ನೊಂದು ತಕರಾರು ಬರುವುದು ಖಂಡಿತ. ಕೊಳವೆಯಿಂದ ಮೊದಲ ವರ್ಷಗಳಲ್ಲಿ ಬರುವ ನೀರು ಉಪ್ಪು. ಮೇಲಿನ ಹೊಲದವ ಅದನ್ನು ಕೆಳಗಿನ ಹೊಲಕ್ಕೆ ಬಿಟ್ಟರೆ ಬದುವಿನ ಜಗಳ ಠಾಣೆಗೆ ಹೋಗುತ್ತದೆ. ಎರಡು ಎಕರೆಯವನು ಒಬ್ಬನೇ ಮಾಡಿಸುವ ಕೆಲಸ ಇದಲ್ಲ. ಹಳ್ಳದ ಒಂದು ದಂಡೆಯ ಹೊಲದವರೆಲ್ಲ ಕೂತು, ಕೊಳವೆಯ ಬಾಯಿ ಎಲ್ಲಿ ಎಂದು ಕಾಗದದ ಮೇಲೆ ಸಹಿ ಮಾಡಿ ಶುರು ಮಾಡಬೇಕು. ಬಾಯಿಗೆ ಇಲಿ, ಓತಿಕ್ಯಾತ ಹೋಗದಂತೆ ಜಾಲರಿ ಬೇಕು, ಹಳ್ಳದ ಮಾಮೂಲು ನೀರಿನ ಮಟ್ಟಕ್ಕಿಂತ ಅದು ಒಂದಡಿಯಾದರೂ ಮೇಲಿರಬೇಕು. ಸೋಡಾ ಅಂಶ ಹೆಚ್ಚಿರುವ ಎರೆಗೆ ಬರೀ ಕೊಳವೆ ಸಾಲದು, ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಬೇಕು. ಕೊಳವೆ ಎಲ್ಲೆಲ್ಲಿ, ಎಷ್ಟು ಆಳದಲ್ಲಿ ಹೋಗಿದೆ ಎಂಬ ನಕ್ಷೆ ಎರಡು ಪ್ರತಿ ಮಾಡಿಸಿ, ಒಂದು ಹೊಲದ ಮನೆಯಲ್ಲಿ, ಇನ್ನೊಂದು ನಮ್ಮ ವಾಚನಾಲಯದ ಕಪಾಟಿನಲ್ಲಿ ಇಡಿಸಿದರೆ ಒಳ್ಳೆಯದು. ಇಪ್ಪತ್ತು ವರ್ಷದ ಮೇಲೆ ಆ ಹೊಲದಲ್ಲಿ ಬೋರು ಹಾಕಿಸಲೋ ಕಂಬ ನೆಡಲೋ ಬರುವವನಿಗೆ ಅದು ಬೇಕಾಗುತ್ತದೆ.